ಚಂದಲೆಯ ಮೂರನೆಯ ಹೆದೆ

ಬಲು ಹಿಂದೆ, ನವಿಲುಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಸಿಡಿಲೂರು ಎಂಬ ರಾಜ್ಯವಿತ್ತು. ಅಲ್ಲಿನ ಬಿಲ್ಲುಗಾರರಿಗೆ ಒಂದು ಹುಚ್ಚು. ಬಾಣ ಹೂಡುವ ಮೊದಲು ಬರಿಯ ಹೆದೆಯನ್ನು ಕಿವಿಯವರೆಗೆ ಎಳೆದು ಬಿಟ್ಟು ಠೇಂಕಾರ ಮಾಡಲೇಬೇಕು. ಹೆದೆ ಹೊಸೆಯುವ ಚಂದಲೆಗೆ ಆ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಬಾಣವಿಲ್ಲದೆ ಬಿಟ್ಟರೆ ಪೆಟ್ಟೆಲ್ಲ ಹೆದೆಗೇ ಬೀಳುತ್ತದೆ. ವರ್ಷ ಬಾಳಬೇಕಾದದ್ದು ತಿಂಗಳಿಗೇ ಪಿಸಿಯುತ್ತದೆ.

ಒಂದು ದಿನ ಹೊಗೆಗುಡ್ಡದ ಮಾಂತ್ರಿಕ ಧೂಮಜಟ ಊರ ಮೇಲೆ ಬಂದ. ಬಿಟ್ಟ ಬಾಣಗಳೆಲ್ಲ ಹೊಗೆಯಾದ ಅವನ ಮೈಯೊಳಗೆ ತೂರಿ ಹೋದವು. ಬಿಲ್ಲುಗಾರರನ್ನೆಲ್ಲ ಅವನು ಕಲ್ಲಾಗಿಸಿದ. ಚಂದಲೆಯ ಅಣ್ಣ ಬಿಜ್ಜನೂ ಕಲ್ಲಾದ. ಏಳು ದಿನದೊಳಗೆ ಮಾಂತ್ರಿಕ ಸಾಯದಿದ್ದರೆ ಅವರೆಲ್ಲ ಎಂದೆಂದಿಗೂ ಕಲ್ಲೇ.

ಬೇಟೆಯಿಂದ ಮರಳಿದ ಯುವರಾಜ ಬಲ್ಲಹ ಬಿಲ್ಲೆತ್ತಿ ಹೊರಟ. ಬಿದಿರ ಕೊಳವೆಯಲ್ಲಿ ಮೂರು ಹೆದೆ ಹಾಕಿಕೊಂಡು ಚಂದಲೆಯೂ ಹಿಂದೆಯೇ ಹೊರಟಳು.

ಹೊಳೆಯಲ್ಲಿ ಮಾಂತ್ರಿಕನ ಮಾಯೆಯ ನೀರಾನೆ ಅಡ್ಡ ಬಂದು ನೀರೆರಚಿತು. ಬಲ್ಲಹ ಠೇಂಕಾರ ಮಾಡಿ ಬಾಣ ಬಿಟ್ಟ. ಆನೆ ಕರಗಿ ಹೊಳೆಯಲ್ಲಿ ಹರಿದುಹೋಯಿತು. ಹೆದೆ ಮಾತ್ರ ನೆನೆದು ಜೋತುಬಿತ್ತು.

"ಮೇಣ ಬಳಿದಿರಲಿಲ್ಲವೆ?"

"ಬಳಿದಿದ್ದೆ ಒಡೆಯಾ. ನಿಮ್ಮ ಠೇಂಕಾರಕ್ಕೆ ಉದುರಿಹೋಯಿತು."

ಬಯಲಿನಲ್ಲಿ ಬೆಂಕಿಸಿಂಹ ಹಾರಿಬಂತು. ಮತ್ತೆ ಠೇಂಕಾರ, ಮತ್ತೆ ಬಾಣ. ಸಿಂಹ ಬೂದಿಯಾಯಿತು. ಉರಿಗೆ ಮೇಣ ಕರಗಿ ಒಣಗಿದ್ದ ಎರಡನೆಯ ಹೆದೆಯನ್ನು ಯುವರಾಜ ಗೆದ್ದ ಖುಷಿಗೆ ಇನ್ನೊಮ್ಮೆ ಮಿಡಿದ. ಅದು ಪಟ್ಟನೆ ಹರಿಯಿತು.

ಏಳನೆಯ ಬೆಳಿಗ್ಗೆ ಚಂದಲೆ ಎದ್ದು ನೋಡುತ್ತಾಳೆ, ಮಹಾರಾಯ ಮೂರನೆಯದನ್ನೂ ಬಿಲ್ಲಿಗೇರಿಸಿ ನಾಲ್ಕು ಸಲ ಮಿಡಿದಾಗಿದೆ! ಬಾಣ ಕೂರುವ ಕಡೆ ಎಳೆಗಳು ಬಿಚ್ಚಿಕೊಂಡಿದ್ದವು. ಅವಳಿಗೆ ಅಳು ತಡೆಯಲಾಗಲಿಲ್ಲ.

"ನಿಮಗಿದು ಸದ್ದು ಒಡೆಯಾ, ನನಗೆ ಅಣ್ಣನ ಜೀವ. ಇನ್ನು ಒಂದೇ ಒಂದು ಸೆಳೆತ ತಾಳುತ್ತದೆ."

ಬಲ್ಲಹನ ಮುಖ ಸಣ್ಣದಾಯಿತು. ಅವಳು ಸೆರಗಿನ ದಾರ ಕಿತ್ತು, ಮೇಣ ಸವರಿ, ಸವೆದ ಜಾಗಕ್ಕೆ ಬಿಗಿಯಾಗಿ ಸುತ್ತಿಕೊಟ್ಟಳು.

ಗುಡ್ಡದ ನೆತ್ತಿಯಲ್ಲಿ ಧೂಮಜಟ ಕಣ್ಣು ಮುಚ್ಚಿ, ಕಿವಿ ನಿಮಿರಿಸಿ ಕೂತಿದ್ದ.

"ಬಂದೆಯಾ ಬಲ್ಲಹ? ಎಲ್ಲಿ ನಿನ್ನ ಠೇಂಕಾರ? ಸಿಡಿಲೂರಿನವನೇ ತಾನೆ ನೀನು?"

ಬಲ್ಲಹನ ಬೆರಳು ತುರಿಸಿದವು. ಚಂದಲೆಗೆ ತಟ್ಟನೆ ಹೊಳೆಯಿತು. ಆ ಸದ್ದು ಕೇಳಿದ ಮೇಲೇ ಇವನು ಹೊಗೆಯಾಗುವುದು! ಅವಳು ಯುವರಾಜನ ಮುಂಗೈ ಹಿಡಿದು ಬೇಡವೆಂದು ತಲೆಯಾಡಿಸಿದಳು.

ಬಲ್ಲಹ ತುಟಿ ಕಚ್ಚಿ, ಸುಮ್ಮನೆ ಬಾಣ ಹೂಡಿ, ಎಳೆದು, ಬಿಟ್ಟ. ಹೆದೆ ತುಂಡಾಯಿತು. ಆದರೆ ಬಾಣ ಹೋಗಿಯಾಗಿತ್ತು. ಹೊಗೆಯಾಗಲು ಪುರುಸೊತ್ತಿಲ್ಲದೆ ಮಾಂತ್ರಿಕ ಉರುಳಿಬಿದ್ದ.

ಅದೇ ಗಳಿಗೆಯಲ್ಲಿ ಸಿಡಿಲೂರಿನ ಕಲ್ಲುಗಳೆಲ್ಲ ಉಸಿರಾಡಿದವು. ಗೆದ್ದವರು ಮರಳುವ ಹೊತ್ತಿಗೆ ಬಿಲ್ಲುಗಾರರು ಕೋಟೆಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ನಿಂತ ಬಿಜ್ಜ ಸಂಭ್ರಮದಿಂದ ಬರಿಯ ಹೆದೆಯನ್ನು ಕಿವಿಯವರೆಗೆ ಎಳೆದ.

"ಅಣ್ಣಾ, ಬಾಣ ಎಲ್ಲಿ?" ಎಂದಳು ಚಂದಲೆ.

ಬಿಜ್ಜ ಹೆದೆಯನ್ನು ಮೆಲ್ಲಗೆ, ಮೆಲ್ಲಗೆ ಹಿಂದಕ್ಕೆ ಬಿಟ್ಟ. ಆಮೇಲೆ ಅಣ್ಣ ತಂಗಿ ತಬ್ಬಿಕೊಂಡು ಅತ್ತರು.

ಅಂದಿನಿಂದ ಸಿಡಿಲೂರಿನಲ್ಲಿ ಹೆದೆಗಳು ವರ್ಷಗಟ್ಟಲೆ ಬಾಳಿದವು, ಜನ ಅದಕ್ಕಿಂತ ಹೆಚ್ಚು ಕಾಲ ಸುಖವಾಗಿ ಬಾಳಿದರು. ಕೆಲಸ ಕಡಿಮೆಯಾದ ಚಂದಲೆ ದಿನವೂ ಮಧ್ಯಾಹ್ನ ಹಾಯಾಗಿ ಮಲಗುತ್ತಿದ್ದಳು. ಅವಳನ್ನು ಯಾವ ಠೇಂಕಾರವೂ ಎಬ್ಬಿಸಲಿಲ್ಲ.