ಸೋರುವ ಗಡಿಗೆಯ ಬದನೆಗಿಡ

ಮೋಡಗಳೇ ನೀರು ಕುಡಿಯಲು ಕೆರೆಗೆ ಇಳಿಯುತ್ತಿದ್ದ ಒಂದು ರಾಜ್ಯ ಬಹಳ ಹಿಂದೆ ಇತ್ತು. ಆ ರಾಜ್ಯದ ಕತೆಯನ್ನು ನನ್ನಷ್ಟು ಸರಿಯಾಗಿ ಹೇಳುವವನು ಈ ಸೀಮೆಯಲ್ಲೇ ಇಲ್ಲ, ಕೇಳಿ.

ಅಲ್ಲಿ ದ್ಯಾವಪ್ಪ ಅಂತ ಒಬ್ಬ ಕುಂಬಾರ. ಹೆಂಡತಿ ಸಂಕವ್ವ. ಒಂದು ದಿನ ಉರಿಗಣ್ಣ ಎಂಬ ಮಾಂತ್ರಿಕ ಬಂದು, "ನೀನು ಕೊಟ್ಟ ಗಡಿಗೆ ಸೋರುತ್ತದಲ್ಲೋ!" ಅಂತ ಸಿಟ್ಟಾಗಿ ದ್ಯಾವಪ್ಪನನ್ನು ಕತ್ತೆ ಮಾಡಿಬಿಟ್ಟ.

ಸಂಕವ್ವ ಅವನ ಕಾಲಿಗೆ ಬಿದ್ದಳು.

"ಯುಗಾದಿಯೊಳಗೆ ನಿನ್ನ ಮನೆಯಲ್ಲೇ ಬೆಳೆದ ಬದನೆಕಾಯಿ ಪಲ್ಯ ಬಡಿಸು, ಬಿಡುತ್ತೇನೆ. ಇಲ್ಲದಿದ್ದರೆ ಇವನು ಸಾಯುವ ತನಕ ನನ್ನ ಮೂಟೆ ಹೊರಬೇಕು," ಅಂದ ಅವನು.

ಆ ಪಾಪಿಯ ಕಣ್ಣು ಎಂಥದ್ದು ಗೊತ್ತೇ? ಏನನ್ನೇ ನೋಡಿ 'ಆಹಾ' ಅಂದರೂ ಅದು ನಿಂತಲ್ಲೇ ಒಣಗುತ್ತಿತ್ತು.

ಸಂಕವ್ವ ಹಿತ್ತಲು ಅಗೆದು, ಗೊಬ್ಬರ ಬೂದಿ ಬೆರೆಸಿ, ಮಡಿ ಮಾಡಿ ಬದನೆ ಸಸಿ ನೆಟ್ಟಳು. ಗಿಡ ಹೂ ಬಿಟ್ಟಿತು. ಉರಿಗಣ್ಣ ಬೇಲಿಯ ಮೇಲಿಂದ ಇಣುಕಿ, "ಆಹಾ, ಎಂಥ ಗಿಡ!" ಅಂದ. ಗಿಡವೆಲ್ಲ ಕಡ್ಡಿಯಾಯಿತು.

ಅವಳು ಬುಟ್ಟಿಗಳಿಗೆ ಮಣ್ಣು ತುಂಬಿ, ಮಾಳಿಗೆಯ ಮೇಲೆ ನೆಟ್ಟಳು. ಅಲ್ಲಿ ಮಿಡಿ ಕಚ್ಚಿತು. ಉರಿಗಣ್ಣ ಹದ್ದಾಗಿ ಹಾರಿ ಬಂದು, "ಆಹಾ, ಎಂಥ ಕಾಯಿ!" ಅಂದ. ಅವೂ ಸುಕ್ಕಿಹೋದವು.

ಪಕ್ಕದ ಮನೆಯ ಗುತ್ತೆಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಅಲ್ಲ ಕಣೇ, ಊರಿಗೆಲ್ಲ ದೃಷ್ಟಿ ಗಡಿಗೆ ಮಾರಿದೋರು ನೀವು. ನಿಮ್ಮನೇಲಿ ಒಂದನ್ನಾದರೂ ಕಟ್ಟಿದ್ದೀಯೇನೇ?"

"ನಾವೇ ಮಾಡೋದಲ್ವಾ, ನಮಗ್ಯಾಕೆ ಅಂತಿದ್ರು ನಮ್ಮನೆಯವರು," ಅಂದಳು ಸಂಕವ್ವ. ಕತ್ತೆ ನಾಚಿ ತಲೆ ತಗ್ಗಿಸಿತು.

ಈ ಸಲ ಅವಳು ಮೂಲೆಗೆ ಬಿದ್ದಿದ್ದ ಸೋರುವ ಗಡಿಗೆಗಳನ್ನೇ ಆರಿಸಿ, ಅವುಗಳಲ್ಲಿ ಸಸಿ ನೆಟ್ಟಳು. ನಿಂತ ನೀರು ಬೇರು ಕೊಳೆಸುತ್ತದೆ. ಸೋರುವ ಗಡಿಗೆಯಲ್ಲಿ ನಿಲ್ಲುವುದೇ ಇಲ್ಲವಲ್ಲ! ಬದನೆ ಎಷ್ಟು ದಪ್ಪ ಬೆಳೆಯಿತೆಂದರೆ, ಒಂದರ ನೆರಳಲ್ಲಿ ಎರಡು ಎಮ್ಮೆ ಮಲಗುತ್ತಿದ್ದವು. ಸುಳ್ಳಾದರೆ ಈ ಮೀಸೆ ಬೋಳಿಸುತ್ತೇನೆ.

ಅಂಗಳದ ನಡುವೆ ಅವಳು ಒಂದು ಕರಿ ಗಡಿಗೆ ಕಟ್ಟಿದಳು.

"ರೀ, ಮುಖ ಬರೆಯೋದು ನಿಮ್ಮ ಕೆಲಸ," ಅಂದಳು.

ಕತ್ತೆ ಬಾಲವನ್ನು ಸುಣ್ಣದಲ್ಲಿ ಅದ್ದಿ, ತಟ್ಟೆಯಗಲದ ಕಣ್ಣು, ಕೋರೆ ಹಲ್ಲು ಬರೆಯಿತು.

ಯುಗಾದಿಯ ದಿನ ಉರಿಗಣ್ಣ ಬಾಗಿಲಿಗೇ ಬಂದ. ಬದನೆಗಿಂತ ಮೊದಲು ಆ ಗಡಿಗೆ ಕಣ್ಣಿಗೆ ಬಿತ್ತು.

"ಆಹಾ, ಎಂಥ ಮೂತಿ!" ಅಂತ ಹೊಟ್ಟೆ ಹಿಡಿದು ನಕ್ಕ.

ಗಡಿಗೆಯ ಕಣ್ಣು ಅವನನ್ನೇ ದಿಟ್ಟಿಸಿತು. ಅವನ ದೃಷ್ಟಿ ಅವನಿಗೇ ತಿರುಗಿ ಬಡಿಯಿತು. ಮಾಂತ್ರಿಕ ನಿಂತಲ್ಲೇ ಒಣಗಿ ಸೋರೆ ಬುರುಡೆಯಾಗಿ ಉರುಳಿದ.

ಕತ್ತೆ ಅರಚುತ್ತಲೇ ಮತ್ತೆ ಮನುಷ್ಯನಾಯಿತು. "ಲೇ ಸಂಕಿ, ಪಲ್ಯ ಎಲ್ಲೇ?" ಅಂದ ದ್ಯಾವಪ್ಪ. ಎಡಗಿವಿ ಮಾತ್ರ ಸ್ವಲ್ಪ ಉದ್ದ ಉಳಿಯಿತು.

"ಇರಲಿ ಬಿಡಿ, ಇನ್ನಾದರೂ ನನ್ನ ಮಾತು ಚೆನ್ನಾಗಿ ಕೇಳಿಸುತ್ತೆ," ಅಂತ ಅವಳು ಎಲೆ ಹಾಕಿದಳು.

ಆವತ್ತು ಊರಿಗೆಲ್ಲ ಪಲ್ಯದೂಟ. ಆಮೇಲೆ ದಿನವೂ ಬೆಳಿಗ್ಗೆ ಸಂಕವ್ವ ಆ ಸೋರೆ ಬುರುಡೆಯಲ್ಲೇ ನೀರು ಮೊಗೆದು ಗಡಿಗೆಯ ಗಿಡಗಳಿಗೆ ಹಾಕುತ್ತಿದ್ದಳು. ಒಣಗಿಸಿದವನಿಂದಲೇ ಎಲ್ಲ ಚಿಗುರುತ್ತಿತ್ತು.