ಕಸಕ್ಕೆ ಹೋದ ಧನ್ಯವಾದಗಳು

ಮಸಾಕಾ ಪಟ್ಟಣದ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದ ನಮುಬಿರು ಚಪ್ಪಲಿಯನ್ನೂ ಕಳಚದೆ ಜಗಲಿಯ ಚಾಪೆಯ ಮೇಲೆ ಕುಸಿದಳು. ಪಕ್ಕದಲ್ಲಿ ಸೋದರತ್ತೆ ನಕ್ಯಾಂಜಿ ಮೊರದ ತುಂಬ ಅಡುಗೆಗೆ ತಂದ ಮಿಡತೆ ಹರಡಿಕೊಂಡು ರೆಕ್ಕೆ ಕೀಳುತ್ತಿದ್ದಳು.

"ನೀನೂ ಒಂದು ಕೈ ಹಾಕೇ, ಹುರಿಯೋಕೆ ಹೊತ್ತಾಯ್ತು."

"ತಾಳು ಅತ್ತೆ, ಇಲ್ಲೂ ಕೀಳೋದು ರಾಶಿ ಬಿದ್ದಿದೆ."

ಅವಳು ಫೋನು ತೆರೆದಳು. ಚಪ್ಪಲಿ ಅಂಗಡಿ, ಸೋಫಾ ಅಂಗಡಿ, ಅವಳೆಂದೂ ಸೇರದ ಯಾವುದೋ ಕೋರ್ಸಿನವರು. ಅಳಿಸಿದಷ್ಟೂ ಬರುವ ಮೇಲ್‌ಗಳು. ಎಲ್ಲರೂ ಮೊದಲು ಧನ್ಯವಾದ ಹೇಳಿ ಆಮೇಲೆ ಮಾರಲು ಶುರುಮಾಡುವವರೇ. ರೋಸಿಹೋಗಿ ಅವಳು ಹಿಂದೆಯೇ ಒಂದು ಏರ್ಪಾಡು ಮಾಡಿದ್ದಳು: ತಲೆಬರಹದಲ್ಲಿ 'ಥ್ಯಾಂಕ್ಯೂ' ಎಂದಿದ್ದರೆ ಆ ಮೇಲ್ ಅವಳ ಕಣ್ಣಿಗೂ ಬೀಳದೆ ನೇರ ಕಸದ ಬುಟ್ಟಿಗೆ.

ಬೇಕಾಗಿದ್ದ ಮೇಲ್ ಮಾತ್ರ ಬರಲೇ ಇಲ್ಲ. ಸರೋವರದ ನಡುವಿನ ದ್ವೀಪಕ್ಕೆ ಮೀನುಗಾರಿಕೆ ಇಲಾಖೆಯ ಕೆಲಸಕ್ಕೆ ಹೋಗುವಾಗ, ಅವಳ ಮನಸ್ಸಿಗೆ ಹಿಡಿಸಿದ್ದ ಮುಕೀಬಿ ಹೇಳಿದ್ದ, 'ಅಲ್ಲಿ ಫೋನು ಸಿಗಲ್ಲ, ಆಫೀಸಿನ ಕಂಪ್ಯೂಟರಿಂದ ಬರೀತೀನಿ.' ಕಾದು ಕಾದು ಅವಳಿಗೆ ಈಗ ಕೋಪ ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

"ಗ್ಯೆಬಲೆ ಕೊ."

ಅವಳು ತಲೆಯೆತ್ತಿದಳು. ಬೇಲಿಯ ಬಳಿ ಮುಕೀಬಿ ನಿಂತಿದ್ದ. ಹೆಗಲಲ್ಲಿ ಊರು ಬಿಡುವವರ ದೊಡ್ಡ ಚೀಲ.

ದುಡಿದು ಬಂದವರಿಗೆ ಅಲ್ಲಿ ಹೇಳುವ ನಮಸ್ಕಾರವೇ ಅದು: ನಿಮ್ಮ ದುಡಿಮೆಗೆ ಧನ್ಯವಾದ. 'ನಾವೆ ಗ್ಯೆಬಲೆ', ನಿಮಗೂ ಅಷ್ಟೇ, ಎಂದು ಮರುನುಡಿಯದಿದ್ದರೆ ಮುಖಕ್ಕೇ ಬಾಗಿಲು ಹಾಕಿದ ಹಾಗೆ. ಅತ್ತೆ ಮರುನುಡಿದಳು. ನಮುಬಿರು ಮರುನುಡಿಯದೆ ಮತ್ತೆ ಫೋನಿಗೇ ಕಣ್ಣು ನೆಟ್ಟಳು.

"ಅರುವಾಕ್ಕೆ ವರ್ಗ ಆಯ್ತಮ್ಮ," ಅವನು ಅತ್ತೆಗೆ ಹೇಳಿದ. "ದೂರದ ಊರು. ಹೇಳಿ ಹೋಗೋಣ ಅಂತ ಬಂದೆ. ನರ್ಸಮ್ಮನವರು ಮಾತಾಡಲ್ವೇನೋ. ದಿನಾ ಸಂಜೆ ಬರೆದಾಗಲೂ ಮಾತಾಡಲಿಲ್ಲ."

"ಎಲ್ಲಿಗೆ ಬರೆದ್ರಿ? ಸರೋವರದ ನೀರ ಮೇಲಾ?"

"ನಿಮ್ಮ ಮೇಲ್‌ಗೆ."

"ಒಂದೂ ಬಂದಿಲ್ಲ. ತಲೆಬರಹ ಏನು ಹಾಕಿದ್ರಿ?"

"ಇನ್ನೇನು ಹಾಕ್ತೀನಿ? ದಣಿದು ಬಂದಿರ್ತೀರಿ ಅಂತ ಗ್ಯೆಬಲೆ ಹೇಳ್ತಿದ್ದೆ. ಆಫೀಸಿನ ಕಂಪ್ಯೂಟರು ಅಂತ ಇಂಗ್ಲಿಷಲ್ಲಿ, ಥ್ಯಾಂಕ್ಯೂ ಫಾರ್..."

ನಮುಬಿರು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಮೇಲ್‌ನ ಕಸದ ಬುಟ್ಟಿ ತೆರೆದಳು. ಸೋಫಾ, ಚಪ್ಪಲಿ, ಕೋರ್ಸು, ಅವುಗಳ ನಡುವೆ ಮುಕೀಬಿಯ ಹೆಸರು. ಒಂದೇ ಒಂದು. ಹಳೆಯವೆಲ್ಲ ತಿಂಗಳು ದಾಟಿ ತಾವಾಗಿಯೇ ಅಳಿಸಿಹೋಗಿದ್ದವು. ಉಳಿದದ್ದರಲ್ಲಿ ಇದ್ದದ್ದು ಇಷ್ಟೇ: 'ನಿಮ್ಮ ಮೌನ ಅರ್ಥವಾಯಿತು. ಇನ್ನು ಬರೆಯುವುದಿಲ್ಲ.'

ಅವಳು ಫೋನನ್ನು ಅವನ ಕಡೆ ತಿರುಗಿಸಿ ಹಿಡಿದಳು. ಅವನು ನೋಡಿದ, ಆಮೇಲೆ ಅವಳ ಮುಖ ನೋಡಿದ. ಚೀಲ ಹೆಗಲಿನಿಂದ ನೆಲಕ್ಕಿಳಿಯಿತು.

"ಥ್ಯಾಂಕ್ಯೂ ಅಂದವೆಲ್ಲ ಕಸಕ್ಕೆ ಹೋಗ್ಲಿ ಅಂತ ಇಟ್ಟಿದ್ದೆ, ನೋಡದೆ ನಾನೇ ಎಸೆದುಬಿಟ್ಟೆ," ಎಂದಳು ನಮುಬಿರು. "ಮುಂಚಿನವುಗಳಲ್ಲಿ ಏನಿತ್ತು?"

"ಬರೆಯೋದು ಸುಲಭ ಇತ್ತು," ಅವನು ಕತ್ತು ತುರಿಸಿಕೊಂಡ.

"ಈಗ ಹೇಳಿ."

"ಅತ್ತೆ ಎದುರಿಗಾ?"

"ನನಗೆ ಮಿಡತೆ ಬಿಟ್ಟು ಬೇರೇನೂ ಕಾಣಲ್ಲಪ್ಪ, ಕೇಳಲ್ಲ," ಎಂದಳು ನಕ್ಯಾಂಜಿ. ಅವಳ ಕೈ ಮಾತ್ರ ಮೊರದಲ್ಲಿ ನಿಂತುಹೋಗಿತ್ತು.

ಮುಕೀಬಿ ಜಗಲಿಯ ಅಂಚಿಗೆ ಬಂದು ಕೂತ. "ದಣಿದು ಮನೆಗೆ ಬಂದಾಗ ಗ್ಯೆಬಲೆ ಅನ್ನೋಕೆ ಒಬ್ಬರು ಬೇಕು ಅಂತ ಬರೆದಿದ್ದೆ. ನೀವು ದಣಿದು ಬಂದಾಗ ನಾನು ಅಂತೀನಿ. ನಾನು ಬಂದಾಗ ನೀವು ಅಂತೀರಾ, ಅಂತ ಕೇಳಿದ್ದೆ."

ನಮುಬಿರು ಫೋನಿನಲ್ಲಿ ಆ ಹಳೆಯ ಏರ್ಪಾಡನ್ನು ಹುಡುಕಿ ತೆಗೆದುಹಾಕಿದಳು. ಸ್ವಲ್ಪ ಹೊತ್ತಿಗೇ ಫೋನು ಟಿಂಗ್ ಎಂದಿತು.

"ಯಾರೇ ಅದು?" ಅತ್ತೆ ಕೇಳಿದಳು.

"ಚಪ್ಪಲಿ ಅಂಗಡಿಯವರು, ಧನ್ಯವಾದ ಹೇಳ್ತಿದ್ದಾರೆ. ಬರಲಿ ಬಿಡು."

ಅವಳು ಫೋನನ್ನು ಮಗುಚಿಟ್ಟು ಚಾಪೆಯಲ್ಲಿ ಅವನಿಗೆ ಜಾಗ ಮಾಡಿಕೊಟ್ಟಳು. ಆಗ ಉಳಿಸಿಕೊಂಡಿದ್ದ ಮಾತನ್ನು ಈಗ ಅವನ ಕಣ್ಣು ನೋಡಿ ಮೆಲ್ಲಗೆ ಹೇಳಿದಳು.

"ನಾವೆ ಗ್ಯೆಬಲೆ."