ಎಕ್ಸ್‌ಚೇಂಜಿನ ಪ್ಲೀಸ್

ಮಂಗಳೂರಿನಲ್ಲಿ ಟೆಲಿಫೋನ್ ಕಂಬಗಳನ್ನು ನೆಟ್ಟದ್ದೇ ನನ್ನ ಪ್ರೇಮಕ್ಕಾಗಿ. ಸರಕಾರ ಇದನ್ನು ಒಪ್ಪುವುದಿಲ್ಲ, ಬಿಡಿ. ನಾನು ಫೋನೆತ್ತಿ ಒಮ್ಮೆ ಕೆಮ್ಮಿದರೆ ಸಾಕು, ಉರ್ವದಿಂದ ವಾಮಂಜೂರಿನವರೆಗೆ ತಂತಿಗಳ ಮೇಲೆ ಕೂತ ಕಾಗೆಗಳು ನಾಚಿ ತಲೆ ತಗ್ಗಿಸುತ್ತಿದ್ದವು.

ಅರವತ್ತೊಂದನೇ ಇಸವಿ. ಆಗ ನಾನು ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಯಾರಿಗೆ ಫೋನ್ ಮಾಡುವುದಿದ್ದರೂ ಮೊದಲು ಎಕ್ಸ್‌ಚೇಂಜಿನ ಹುಡುಗಿಗೆ ನಂಬರ್ ಹೇಳಬೇಕು. ರಿಸೀವರ್ ಎತ್ತಿದೊಡನೆ ಆ ಸ್ವರ: "ನಂಬರ್, ಪ್ಲೀಸ್?"

ಜೇನು, ಮಾರಾಯ್ರೇ! ಆ ಪ್ಲೀಸ್ ನನಗೊಬ್ಬನಿಗೇ ಎಂದುಕೊಂಡಿದ್ದೆ.

"ನಿನಗೆ ಮರ್ಲಾ ಮಾರಾಯ, ತಲೆ ಕೆಟ್ಟಿದೆಯಾ?" ಎಂದ ಪಕ್ಕದ ಮೇಜಿನ ತಾರಾನಾಥ. "ಅದು ಅವರ ಡ್ಯೂಟಿ. ಬಂದರಿನ ಮೀನಿನ ಏಜೆಂಟನಿಗೂ ಅದೇ ಪ್ಲೀಸ್!"

ಅಂದಿನಿಂದ ನನಗೆ ಒಂದೇ ಯೋಚನೆ. ಈ ಪ್ಲೀಸ್ ಎಂದರೆ ಎಂತ? ಮನೆಯಲ್ಲಿ ಅಮ್ಮನ ಹತ್ತಿರ ಗಂಜಿ ಕೇಳುವಾಗ ನಾನು ಅಂಥದ್ದೇನೂ ಹೇಳಿದವನಲ್ಲ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅದೇ ಸ್ವರ. "ಹಂಪನಕಟ್ಟೆಗೆ ಎರಡು, ಪ್ಲೀಸ್." ಕಂಡಕ್ಟರ್ ಗಾಬರಿಯಿಂದ ಚಿಲ್ಲರೆ ಬೀಳಿಸಿದ. ತಿರುಗಿ ನೋಡಿದೆ. ನೀಲಿ ಹೂಗಳ ಫ್ರಾಕು, ತುಟಿಯಂಚಿನಲ್ಲಿ ಕಚ್ಚಿ ಹಿಡಿದ ನಗು. ಮರುಕ್ಷಣವೇ ಪಕ್ಕದಲ್ಲಿದ್ದ ತನ್ನ ತಂಗಿ ಬರ್ನಡೆಟಳನ್ನು ಮೊಣಕೈಯಿಂದ ತಿವಿದು, "ಆಚೆ ಸರಿ!" ಎಂದಳು. ಅಲ್ಲಿ ಪ್ಲೀಸ್ ಇರಲಿಲ್ಲ. ಯಾಕೆ?

ದಿನವೂ ಅದೇ ಬಸ್ಸು ಹಿಡಿದೆ. ಮಾತಾಯಿತು, ಹೆಸರು ವಿನಿಫ್ರೆಡ್ ಎಂದು ತಿಳಿಯಿತು. ಬೊಂಬಾಯಿಯ ಆರ್ಥರ್ ಎಂಬವನ ಸಂಬಂಧ ಬಂದಿದೆ, ಭಾನುವಾರ ಉತ್ತರ ಹೇಳಬೇಕು ಎಂದೂ ತಿಳಿಯಿತು.

ಶನಿವಾರ ಫೋನೆತ್ತಿ ಕೆಮ್ಮಿದೆ.

"ಎಂತ, ಇಸಿದೋರ್?"

"ನಾನೇ ಅಂತ ಹೇಗೆ ಗೊತ್ತಾಯ್ತು?"

"ಕೆಮ್ಮಿ ಶುರು ಮಾಡುವವರು ಮಂಗಳೂರಲ್ಲಿ ನೀವೊಬ್ಬರೇ."

"ಮತ್ತೆ ಪ್ಲೀಸ್ ಎಲ್ಲಿ? ಕೋಪವಾ?"

"ಅದು ಹೊರಗಿನವರಿಗೆ. ಬರ್ನಡೆಟಳಿಗೆ ಹೇಳ್ತೇನಾ ನಾನು?"

ಆಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತು, "ನನ್ನನ್ನು ಮದುವೆಯಾಗಿ, ಪ್ಲೀಸ್," ಎಂದು ಬೇಡಿಕೊಂಡಳು. ನಾನು ದೊಡ್ಡ ಮನಸ್ಸು ಮಾಡಿ ಒಪ್ಪಿ...

"ಯಾರು ಬೇಡಿಕೊಂಡದ್ದು?" ಚಹಾ ಹಿಡಿದು ಬರೆಯುತ್ತಿರುವ ನನ್ನ ಬೆನ್ನ ಹಿಂದೆ ನಿಂತಿದ್ದಾಳೆ ವಿನಿ. "ಸತ್ಯ ಬರೀರಿ ಮಾರಾಯ್ರೇ. ನಾನು ನೋಡ್ತಾ ಇದ್ದೇನೆ."

ಸತ್ಯ ಇಷ್ಟೇ. ಬೇಡಿಕೊಂಡದ್ದು ನಾನು.

"ಆರ್ಥರನಿಗೆ ಬೇಡ ಅಂತ ಹೇಳಿ," ಎಂದೆ. "ಪ್ಲೀಸ್."

ಆ ಕಡೆ ಹಿಂದಿನಿಂದ ಬೇರೆ ಹುಡುಗಿಯರು ಯಾರ್ಯಾರಿಗೋ 'ನಂಬರ್, ಪ್ಲೀಸ್' ಎನ್ನುವುದು ಕೇಳುತ್ತಿತ್ತು. ಮತ್ತೆ ಅವಳ ಸ್ವರ, ಮೆಲ್ಲಗೆ: "ಹೊರಗಿನವರ ಹಾಗೆ ಕೇಳಿದರೆ ಆಗುವುದಿಲ್ಲ. ಸರಿಯಾಗಿ ಕೇಳಿ."

ಕೇಳಿದೆ. ಪ್ಲೀಸ್ ಇಲ್ಲದೆ, ಕೆಮ್ಮೂ ಇಲ್ಲದೆ.

ಕಂಬಗಳು, ಒಪ್ಪುತ್ತೇನೆ, ಮೊದಲೇ ಇದ್ದವು.